ನಳದ ನೀರಿಗೆ ಹವಳದ ತಕರಾರು

"ಒಂದ್ ರಾತ್ರಿ ಬಕೆಟ್‌ದಾಗ ಇಡ್ರಿ ಸರ, ಔಷಧದ ವಾಸನಿ ತಾನ ಹೋಗ್ತದ." ಕಲಬುರಗಿಯ ಮೀನಿನ ಅಂಗಡಿಗಳಲ್ಲಿ ನಳದ ನೀರಿನ ಬಗ್ಗೆ ಸಿಗುವ ಸಲಹೆ ಬಹುಪಾಲು ಇಷ್ಟೇ. ಗಪ್ಪಿ, ಮೋಲಿ ಸಾಕುವವರಿಗೆ ಇದು ನಡೆದುಹೋಗುತ್ತದೆ. ಗಪ್ಪಿಯ ಸಂಸಾರ ಚರಂಡಿಯಲ್ಲೂ ಬೆಳೆಯುತ್ತದೆ. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಅದನ್ನು ಹೊಂಡ, ಬಾವಿಗಳಿಗೆ ಬಿಡುವುದು ಸುಮ್ಮನೆ ಅಲ್ಲ. ಆದರೆ ಅತ್ತ ಅರಬ್ಬಿ ಸಮುದ್ರಕ್ಕೂ ಇತ್ತ ಬಂಗಾಳ ಕೊಲ್ಲಿಗೂ ನೂರಾರು ಕಿಲೋಮೀಟರ್ ದೂರದ ಈ ಬಿಸಿಲೂರಿನಲ್ಲಿ ಗಾಜಿನ ತೊಟ್ಟಿಯೊಳಗೆ ಉಪ್ಪುನೀರು ಕಲಸಿ ಹವಳ ಸಾಕುವ ಹುಚ್ಚು ಹತ್ತಿದವರಿಗೆ ಬಕೆಟ್ಟಿನ ಒಂದು ರಾತ್ರಿ ಸಾಲದು.

ಮೊದಲೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕಲ್ಲುಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಕಡಲಕುದುರೆಯೂ ಅಷ್ಟೇ. ನೇತ್ರಾಣಿ ದ್ವೀಪದ ಬಂಡೆಯಿಂದ ಯಾರೋ ಕಿತ್ತು ತಂದ ತುಂಡು ಅಗ್ಗಕ್ಕೆ ಸಿಕ್ಕಿತೆಂದು ಕೊಂಡವರು ಈ ಅಂಕಣವನ್ನು ಇಲ್ಲಿಗೇ ಮಡಚಿಡಬಹುದು. ಇಲ್ಲಿನ ಮಾತೆಲ್ಲ ಮೆದು ಹವಳ, ಅಣಬೆ ಹವಳ ಮತ್ತು ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನುಗಳ ಮನೆಗೆ ಸಂಬಂಧಿಸಿದ್ದು.

ಬಕೆಟ್ಟಿನಿಂದ ರಾತ್ರಿ ಹಾರಿಹೋಗುವುದು ಮುಕ್ತ ಕ್ಲೋರಿನ್. ನೀರಿನಲ್ಲಿ ಅಮೋನಿಯಾದ ಅಂಶವಿದ್ದರೆ ಕ್ಲೋರಿನ್ ಅದರೊಡನೆ ಕೂಡಿ ಕ್ಲೋರಮೈನ್ ಆಗುತ್ತದೆ. ಅದಕ್ಕೆ ವಾಸನೆ ಕಡಿಮೆ, ಹಾರಿಹೋಗುವ ಅವಸರವಂತೂ ಇಲ್ಲವೇ ಇಲ್ಲ. ದಿನಗಟ್ಟಲೆ ನೀರಿನಲ್ಲೇ ಉಳಿಯುತ್ತದೆ. ಕುದಿಸಿದರೂ ಕ್ಲೋರಿನ್ನಿನಷ್ಟು ಬೇಗ ಬಿಟ್ಟುಹೋಗುವುದಿಲ್ಲ. ಆದ್ದರಿಂದ ಈ ವಿಚಾರದಲ್ಲಿ ಮೂಗನ್ನು ನಂಬುವಂತಿಲ್ಲ.

ಅಮೆರಿಕದ ಎಷ್ಟೋ ನಗರಗಳಲ್ಲಿ ಕ್ಲೋರಮೈನನ್ನು ಬೇಕೆಂದೇ ಮಾಡುತ್ತಾರೆ. ಉದ್ದದ ಪೈಪಿನ ಕೊನೆಯ ಮನೆಯವರೆಗೂ ಸೋಂಕುನಾಶಕ ಉಳಿಯಲೆಂದು ಕ್ಲೋರಿನ್ನಿನ ಜೊತೆ ಅಳತೆಯ ಅಮೋನಿಯಾ ಬೆರೆಸುತ್ತಾರೆ. ವಾಷಿಂಗ್ಟನ್ 2000ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ 2004ರಲ್ಲಿ ಈ ದಾರಿಗೆ ಬಂದವು. ವಾಷಿಂಗ್ಟನ್ನಿನಲ್ಲಂತೂ ನೀರಿನ ಗುಣ ಬದಲಾಗಿ ಹಳೆಯ ಪೈಪುಗಳ ಸೀಸ ಕರಗಿ ಬಂದು ದೊಡ್ಡ ರಾದ್ಧಾಂತವೇ ಆಯಿತು. ಅಲ್ಲಿನ ಕನ್ನಡಿಗರ ಮನೆಯ ಅಕ್ವೇರಿಯಂಗೆ ಒಂದು ಅನುಕೂಲವಿದೆ: ನೀರಿನಲ್ಲಿ ಕ್ಲೋರಮೈನ್ ಇದೆ ಎಂದು ನೀರು ಕೊಡುವವರೇ ಹೇಳುತ್ತಾರೆ.

ನಮ್ಮಲ್ಲಿ ಯಾರೂ ಅಮೋನಿಯಾ ಬೆರೆಸುವುದಿಲ್ಲ. ಕ್ಲೋರಿನ್ ಅನಿಲ ಇಲ್ಲವೇ ಬ್ಲೀಚಿಂಗ್ ಪುಡಿ, ಅಷ್ಟೇ. ಅಮೋನಿಯಾ ತಾನಾಗಿ ಬರುತ್ತದೆ. ಕಲಬುರಗಿ ನಗರ ಕುಡಿಯುವುದು ಸರಡಗಿಯ ಬಳಿ ಎತ್ತುವ ಭೀಮೆಯ ನೀರನ್ನು ಮತ್ತು ಬೆಣ್ಣೆತೊರಾ ಜಲಾಶಯದ ನೀರನ್ನು. ಭೀಮೆ ನಮ್ಮ ಜಿಲ್ಲೆಗೆ ಬರುವ ಮೊದಲು ಮಹಾರಾಷ್ಟ್ರದ ಊರುಗಳನ್ನೂ ಕಬ್ಬಿನ ಹೊಲಗಳನ್ನೂ ಹಾದು ಬರುತ್ತಾಳೆ. ಮಳೆಗಾಲದಲ್ಲಿ ಇದು ದೊಡ್ಡ ಸಂಗತಿಯಲ್ಲ, ತುಂಬು ಹೊಳೆ ಎಲ್ಲವನ್ನೂ ತೆಳುವಾಗಿಸುತ್ತದೆ. ಬೇಸಿಗೆ ಬೇರೆ. ಹರಿವು ನಿಂತು ಬ್ಯಾರೇಜಿನ ಹಿಂದೆ ನೀರು ಮಡುಗಟ್ಟಿದಾಗ ಪಾಚಿ ಸತ್ತು ತಳಕ್ಕಿಳಿಯುತ್ತದೆ, ತಳದ ಕೆಸರಿನಲ್ಲಿ ಆಮ್ಲಜನಕ ತೀರುತ್ತದೆ, ಅಲ್ಲಿಂದ ಅಮೋನಿಯಾ ಮೇಲೆ ಬರುತ್ತದೆ.

ಈಗ ನೀರು ಶುದ್ಧೀಕರಣ ಘಟಕದಲ್ಲಿ ನಡೆಯುವ ಲೆಕ್ಕ ನೋಡಿ. ಅಮೋನಿಯಾದಲ್ಲಿರುವ ಒಂದು ಪಾಲು ಸಾರಜನಕವನ್ನು ಪೂರ್ತಿ ಸುಟ್ಟುಹಾಕಲು ಹತ್ತಿರ ಹತ್ತಿರ 8 ಪಾಲು ಕ್ಲೋರಿನ್ ಬೇಕು. ಅಷ್ಟು ಸುರಿದರೆ ಅದರಾಚೆ ಉಳಿಯುವುದು ಮುಕ್ತ ಕ್ಲೋರಿನ್. ಅದಕ್ಕಿಂತ ಕಡಿಮೆ ಬಿದ್ದರೆ ನಳದಲ್ಲಿ ಬರುವುದು ಕ್ಲೋರಮೈನ್. ಆದ್ದರಿಂದ ಒಂದೇ ಘಟಕ, ಒಂದೇ ಪೈಪು, ಒಂದೇ ನಳದಿಂದ ಜನವರಿಯಲ್ಲಿ ಬರುವ ನೀರು ಬೇರೆ, ಮೇ ತಿಂಗಳಿನದು ಬೇರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿ ಮುಕ್ತ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆನ್ನುತ್ತದೆ, ಕ್ಲೋರಮೈನಿಗೆ 4 ಮಿಲಿಗ್ರಾಂವರೆಗೆ ಅವಕಾಶ ಕೊಡುತ್ತದೆ. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ನಮ್ಮ ಹೊಟ್ಟೆ ಅದನ್ನು ಕರಗಿಸಿಬಿಡುತ್ತದೆ. ಮೀನಿಗೆ ಕಿವಿರು ದಾಟಿ ಅದು ನೇರ ರಕ್ತಕ್ಕಿಳಿಯುತ್ತದೆ. ಹವಳಕ್ಕಂತೂ ಮೈಯೆಲ್ಲ ತೆರೆದ ಬಾಯಿಯೇ.

ನಮ್ಮೂರಿನ ಇನ್ನೊಂದು ವಿಶೇಷ ಮನೆಯ ಸಂಪು. ನಿರಂತರ ನೀರಿನ ಯೋಜನೆ ಮುಟ್ಟಿದ ವಾರ್ಡುಗಳನ್ನು ಬಿಟ್ಟರೆ ನಳ ಬಂದ ದಿನ ಸಂಪು, ಟಾಕಿ, ಕೊಡ ಎಲ್ಲ ತುಂಬಿಟ್ಟುಕೊಳ್ಳುವುದೇ ರೂಢಿ. ದಿನ ಕಳೆದಂತೆ ಸಂಪಿನ ಮುಕ್ತ ಕ್ಲೋರಿನ್ ಹೋಗಿಬಿಡುತ್ತದೆ. ಅಂಗಡಿಯ ಪಟ್ಟಿಯಲ್ಲಿ ಪರೀಕ್ಷಿಸಿದರೆ ಸೊನ್ನೆ ತೋರುತ್ತದೆ, ನಾವು ನಿಶ್ಚಿಂತೆಯಿಂದ ಉಪ್ಪು ಕಲಸಲು ಕೂರುತ್ತೇವೆ. ಪಟ್ಟಿ ಅಳೆದದ್ದು ಮುಕ್ತ ಕ್ಲೋರಿನ್ನನ್ನು ಮಾತ್ರ. ಕೂಡಿಕೊಂಡ ಕ್ಲೋರಿನ್ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗಾಗಿ ಕೊಳ್ಳಬೇಕಾದ್ದು ಒಟ್ಟು ಕ್ಲೋರಿನ್ ಅಳೆಯುವ ಕಿಟ್. ಡಿಪಿಡಿ ಮಾತ್ರೆಗಳಲ್ಲಿ ಒಂದನೆಯದು ಮುಕ್ತ ಕ್ಲೋರಿನ್ ತೋರಿಸುತ್ತದೆ, ಮೂರನೆಯದನ್ನೂ ಸೇರಿಸಿದರೆ ಒಟ್ಟು ಲೆಕ್ಕ ಸಿಗುತ್ತದೆ. ಎರಡರ ನಡುವಿನ ಅಂತರವೇ ಕ್ಲೋರಮೈನ್. ನೀರು ಸರಬರಾಜಿನವರು, ಆರೋಗ್ಯ ಕಾರ್ಯಕರ್ತರು ಬಳಸುವ ಓಟಿ ದ್ರಾವಣ ಅಗ್ಗ. ಅದರಲ್ಲಿ ಮುಕ್ತ ಕ್ಲೋರಿನ್ ತಟ್ಟನೆ ಹಳದಿ ತಿರುಗುತ್ತದೆ, ಕೂಡಿಕೊಂಡದ್ದು ನಿಧಾನವಾಗಿ. ಆದರೆ ನೀರು ಬೆಚ್ಚಗಿದ್ದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟಾಕಿಯ ನೀರಿನಿಂದ ಓಟಿ ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರುವವರಿಗೆ ಫ್ರಿಜ್ಜಿನಲ್ಲಿ ತಣಿಸಿ ಮಾಡಿ ಎಂದಷ್ಟೇ ಹೇಳಬಲ್ಲೆ. ಓಟಿಯನ್ನು ಕೈಗೆ ತಾಗಿಸಿಕೊಳ್ಳಬೇಡಿ, ಅದು ಒಳ್ಳೆಯ ವಸ್ತುವಲ್ಲ.

ತೆಗೆಯುವುದು ಹೇಗೆ? ಹಳೆಯ ಫೋಟೊ ಸ್ಟುಡಿಯೊಗಳ ಕತ್ತಲೆ ಕೋಣೆಯಲ್ಲಿ ಬಳಸುತ್ತಿದ್ದ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಇಂದಿಗೂ ಅಂಗಡಿಗಳ ಆ್ಯಂಟಿ-ಕ್ಲೋರಿನ್ ಸೀಸೆಗಳ ಒಳಗಿರುವ ಸರಕು. ವಿಟಮಿನ್ ಸಿ ಪುಡಿಯೂ ಕೆಲಸ ಮಾಡುತ್ತದೆ, ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಎರಡೂವರೆ ಮಿಲಿಗ್ರಾಂ ಸಾಕು. ಎರಡೂ ಕ್ಲೋರಿನ್ನನ್ನು ಬಿಡಿಸುತ್ತವೆ, ಅಮೋನಿಯಾವನ್ನು ತೊಟ್ಟಿಯಲ್ಲೇ ಬಿಟ್ಟು ಹೋಗುತ್ತವೆ. ಸಿಹಿನೀರಿನ ತೊಟ್ಟಿಯಲ್ಲಿ ಅದು ಅಷ್ಟೇನೂ ಕಾಡುವುದಿಲ್ಲ. ರೀಫಿನ, ಅಂದರೆ ಹವಳದ ತೊಟ್ಟಿಯ, ನೀರಿನ ಪಿಎಚ್ 8.2ರ ಆಸುಪಾಸು, ಪಿಎಚ್ ಒಂದಂಕಿ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಅದಕ್ಕೇ ರೀಫ್ ಸಾಕುವವರಿಗೆ ಸೀಸೆಯ ಔಷಧ ತುರ್ತಿಗೆ ಮಾತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ದಿನನಿತ್ಯಕ್ಕೆ ಇದ್ದಿಲು, ಆರ್‌ಓ, ರೆಸಿನ್ ಈ ಮೂರೂ ಇದೇ ಕ್ರಮದಲ್ಲಿ ಬೇಕು.

ಈ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಡಯಾಲಿಸಿಸ್ ಕೋಣೆಯ ತಂತ್ರಜ್ಞರು. ಅಲ್ಲಿಯೂ ನೀರು ತೆಳುವಾದ ಪೊರೆಯ ಆಚೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ, ಕ್ಲೋರಮೈನ್ ಉಳಿದರೆ ರೋಗಿಯ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಅವರ ನಿಯಮ ಕಟ್ಟುನಿಟ್ಟು: ಇದ್ದಿಲಿನ ಎರಡು ತೊಟ್ಟಿ ಒಂದರ ಹಿಂದೊಂದು, ಪ್ರತಿಯೊಂದರಲ್ಲೂ ನೀರು 5 ನಿಮಿಷ ನಿಲ್ಲಬೇಕು, ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು, ಪ್ರತಿ ಪಾಳಿಗೂ ಮೊದಲು ಎರಡು ತೊಟ್ಟಿಗಳ ನಡುವೆ ನೀರು ಹಿಡಿದು ಪರೀಕ್ಷಿಸಬೇಕು. ಇದ್ದಿಲು ಕ್ಲೋರಿನ್ನನ್ನು ಕ್ಷಣದಲ್ಲಿ ಹಿಡಿಯುತ್ತದೆ, ಕ್ಲೋರಮೈನನ್ನು ಒಡೆಯಲು ಅದಕ್ಕೆ ಸಮಯ ಬೇಕು. ಆ ಸಮಯವನ್ನೇ ಮನೆಯ ಯಂತ್ರಗಳು ಕೊಡುವುದಿಲ್ಲ.

ಲೆಕ್ಕ ಹಾಕೋಣ. ದಿನಕ್ಕೆ 75 ಗ್ಯಾಲನ್ ಎಂದು ಬರೆದಿರುವ ಸಾಮಾನ್ಯ ಆರ್‌ಓ ಮೆಂಬ್ರೇನ್ ಗಂಟೆಗೆ ಸುಮಾರು 12 ಲೀಟರ್ ಶುದ್ಧ ನೀರು ಕೊಡುತ್ತದೆ. ಒಂದಕ್ಕೆ ಮೂರರಂತೆ ಹೊರಗೆ ಬಿಡುವ ನೀರನ್ನೂ ಸೇರಿಸಿದರೆ ಇದ್ದಿಲಿನ ಮೂಲಕ ಗಂಟೆಗೆ 48 ಲೀಟರ್ ಹಾಯಬೇಕು, ನಿಮಿಷಕ್ಕೆ 0.8 ಲೀಟರ್. ಎರಡೂ ತೊಟ್ಟಿ ಸೇರಿ ಹತ್ತು ನಿಮಿಷ ಎಂಬ ಆಸ್ಪತ್ರೆಯ ನಿಯಮಕ್ಕೆ 8 ಲೀಟರ್ ಹಿಡಿಸುವಷ್ಟು ಇದ್ದಿಲು ಬೇಕು. ಹತ್ತಿಂಚಿನ ಮಾಮೂಲಿ ಕಾರ್ಟ್ರಿಜ್ಜಿನಲ್ಲಿ ಅರ್ಧ ಲೀಟರಿನ ಆಸುಪಾಸು ಇರುತ್ತದೆ, ಅಂದರೆ ನೀರು ಅದರೊಳಗೆ ಇರುವುದು ಮುಕ್ಕಾಲು ನಿಮಿಷಕ್ಕೂ ಕಡಿಮೆ. ಒತ್ತಿ ಮಾಡಿದ ಕಾರ್ಬನ್ ಬ್ಲಾಕ್ ಹರಳು ಇದ್ದಿಲಿಗಿಂತ ಚುರುಕು, ಕ್ಯಾಟಲಿಟಿಕ್ ಇದ್ದಿಲು ಇನ್ನೂ ಚುರುಕು. ಹಾಗಾಗಿ ಆಸ್ಪತ್ರೆಯಷ್ಟು ಬೇಕಾಗದು. ಆದರೂ ನಾನು ಹೇಳುವುದು ಇಪ್ಪತ್ತಿಂಚಿನ ಎರಡು ಜಂಬೋ ಹೌಸಿಂಗ್, ತೆಂಗಿನ ಚಿಪ್ಪಿನ ಇದ್ದಿಲು, ಸಣ್ಣ ಮೆಂಬ್ರೇನ್. ದೊಡ್ಡ ಮೆಂಬ್ರೇನ್ ಹಾಕಿ ಬೇಗ ತುಂಬಿಸಿಕೊಳ್ಳುವ ಆಸೆ ಬೇಡ.

ಮನೆಯಲ್ಲಿ ಕುಡಿಯಲು ಇಟ್ಟಿರುವ ಆರ್‌ಓ ನೀರನ್ನೇ ಬಳಸಬಾರದೇ ಎಂದು ಬಹಳ ಜನ ಕೇಳುತ್ತಾರೆ. ಅದರ ಹೊಟ್ಟೆಯಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ತಿರುಪು ಇರುತ್ತದೆ. ನೀರು ಸಪ್ಪೆಯಾಗದಿರಲೆಂದು ಮೆಂಬ್ರೇನ್ ದಾಟದ ನೀರನ್ನು ಅದು ಮತ್ತೆ ಬೆರೆಸುತ್ತದೆ. ಕುಡಿಯುವವರಿಗೆ ಉಪಕಾರ, ರೀಫಿಗೆ ಅಪಕಾರ. ಕ್ಯಾನ್ ನೀರಿಗೂ ಇದೇ ಮಾತು. ಜೇಬಿನ ಟಿಡಿಎಸ್ ಪೆನ್ನಿನಿಂದ ಕ್ಲೋರಮೈನ್ ತಿಳಿಯುತ್ತದೆ ಎಂದುಕೊಳ್ಳಬೇಡಿ. ಕ್ಲೋರಮೈನಿಗೆ ವಿದ್ಯುದಾವೇಶವಿಲ್ಲ, ಪೆನ್ನು ಅದನ್ನು ಕಾಣುವುದೇ ಇಲ್ಲ. ಮೆಂಬ್ರೇನ್, ರೆಸಿನ್‌ಗಳ ನಡುವೆಯೂ ಅದು ಅಷ್ಟಿಷ್ಟು ನುಸುಳುತ್ತದೆ. ಮೀಟರ್ ಸೊನ್ನೆ ತೋರಿಸುತ್ತಿರುವಾಗಲೇ ಹವಳ ಮುದುಡಿಕೊಳ್ಳುವ ಗುಟ್ಟು ಎಷ್ಟೋ ಸಲ ಇಲ್ಲಿರುತ್ತದೆ. ಇದ್ದಿಲು ಕ್ಲೋರಮೈನನ್ನು ಒಡೆದಾಗ ಬಿಡುಗಡೆಯಾದ ಅಮೋನಿಯಾದ ಹೆಚ್ಚಿನ ಪಾಲನ್ನು ಮೆಂಬ್ರೇನ್ ತಡೆಯುತ್ತದೆ, ಉಳಿದ ಚೂರನ್ನು ರೆಸಿನ್ ಹಿಡಿಯುತ್ತದೆ.

ಇಷ್ಟೆಲ್ಲ ಯಾಕೆ, ತಿಂಗಳಿಗೊಮ್ಮೆ ನೀರು ಬದಲಿಸುವುದಕ್ಕೆ? ಪ್ರಶ್ನೆಯೇ ತಪ್ಪು. ಕಲಬುರಗಿಯಲ್ಲಿ ರೀಫಿಗೆ ಹೆಚ್ಚು ನೀರು ಹೋಗುವುದು ಬದಲಿಸಲು ಅಲ್ಲ, ಆರಿದ್ದನ್ನು ತುಂಬಲು. ನಮ್ಮ ಒಣ ಬಿಸಿಲಿನಲ್ಲಿ ತೊಟ್ಟಿಯ ಮೇಲೆ ಫ್ಯಾನ್ ಬಿಟ್ಟರೆ ಪುಕ್ಕಟೆ ತಂಪು. ಒಂದು ಲೀಟರ್ ನೀರು ಆರಿದರೆ ನೂರು ಲೀಟರಿನ ತೊಟ್ಟಿಯಿಂದ ಐದಾರು ಡಿಗ್ರಿಯಷ್ಟು ಶಾಖ ಎತ್ತಿಕೊಂಡು ಹೋಗುತ್ತದೆ. ಚಿಲ್ಲರ್ ಕೊಳ್ಳಲಾಗದವರ ದೇವರು ಅದೇ. ಆದರೆ ಆರುವುದು ನೀರು ಮಾತ್ರ, ಅದರೊಳಗಿದ್ದದ್ದೆಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ದಿನಕ್ಕೆ 3 ಲೀಟರ್ ಎಂದರೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಲೀಟರ್ ನಳದ ನೀರಿನ ತಾಮ್ರ, ನೈಟ್ರೇಟ್ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಜಮೆ.

ಕೆಂಪು ಬಾಳೆಯ ಕಮಲಾಪುರಕ್ಕೆ ಬಂದರೆ ಕಥೆ ತಿರುಗುತ್ತದೆ. ಬೋರ್ ನೀರನ್ನೇ ನೆಚ್ಚಿದ ಮನೆಯಲ್ಲಿ ಕ್ಲೋರಮೈನಿನ ಗೋಜಿಲ್ಲ. ನೆಲದಿಂದ ಎತ್ತಿದ ನೀರಿಗೆ ಯಾರೂ ಕ್ಲೋರಿನ್ ಹಾಕಿಲ್ಲವಲ್ಲ. ಟಾಕಿಗೆ ಬ್ಲೀಚಿಂಗ್ ಹಾಕಿದ ದಿನಗಳಷ್ಟೇ ಅಪವಾದ. ಅಲ್ಲಿನ ತಕರಾರು ಗಡಸುತನ, ತೋಟದ ಗೊಬ್ಬರದಿಂದ ಇಳಿದ ನೈಟ್ರೇಟ್, ಮತ್ತು ದಖ್ಖನಿನ ಕಪ್ಪುಕಲ್ಲಿನಿಂದ ಕರಗಿ ಬರುವ ಸಿಲಿಕಾ. ಗಾಜಿನ ಮೇಲೆ ಕಂದು ಪೊರೆ ಬಿಡದೆ ಕಾಡಿದರೆ ಸಿಲಿಕಾ ಎಂದೇ ತಿಳಿಯಿರಿ. ಅದು ಮೆಂಬ್ರೇನನ್ನೂ ಸ್ವಲ್ಪ ದಾಟುತ್ತದೆ, ರೆಸಿನ್ನನ್ನು ಬೇಗ ಮುಗಿಸುತ್ತದೆ. ಕಮಲಾಪುರದವರು ಇದ್ದಿಲಿಗೆ ಖರ್ಚು ಮಾಡುವ ಹಣವನ್ನು ರೆಸಿನ್ನಿಗೆ ಹಾಕಲಿ. ನಗರದವರು ತದ್ವಿರುದ್ಧ.

ಇದ್ದಿಲು ಬದಲಿಸುವ ಕಾಲವನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ. ಆಸ್ಪತ್ರೆಯವರಂತೆ ಎರಡು ಹೌಸಿಂಗುಗಳ ನಡುವೆ ಒಂದು ಸಣ್ಣ ನಲ್ಲಿ ಹಾಕಿಸಿ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ, ಯುಗಾದಿ ದಾಟಿದ ಮೇಲೆ ವಾರಕ್ಕೊಮ್ಮೆ ಅಲ್ಲಿನ ನೀರು ಹಿಡಿದು ನೋಡಿ. ಒಟ್ಟು ಕ್ಲೋರಿನ್ನಿನ ಬಣ್ಣ ತಿರುಗಿತೋ, ಮೊದಲನೆಯ ಇದ್ದಿಲು ಮುಗಿಯಿತು. ಎರಡನೆಯದನ್ನು ಮುಂದಕ್ಕೆ ತಂದು ಹೊಸದನ್ನು ಅದರ ಹಿಂದೆ ಹಾಕಿ. ಹೊರಗೆ ಹೋಗುವ ಮೂರು ಪಾಲು ನೀರನ್ನು, ನಳ ಬರುವ ದಿನ ಎಣಿಸುವ ಊರಿನಲ್ಲಿ, ಮೋರಿಗೆ ಬಿಡುವುದು ಸಲ್ಲದು. ಅಂಗಳ ತೊಳೆಯಿರಿ, ಬಾತ್‌ರೂಮಿಗೆ ಬಳಸಿ. ಕೂಲರಿಗೆ ಮಾತ್ರ ಹಾಕಬೇಡಿ, ಅದರ ಹುಲ್ಲಿನ ಜಾಲರಿ ಬೇಗನೆ ಬಿಳಿ ಪೊರೆ ಕಟ್ಟಿಕೊಂಡು ಗಾಳಿಯೇ ಬಾರದಂತಾಗುತ್ತದೆ.