ಕನ್ನಡಿ ಒಪ್ಪಿದ ಮೇಲೂ

ಸ್ತನದ ಆಪರೇಷನ್ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದನ್ನು ಪ್ಲಾಸ್ಟಿಕ್ ಸರ್ಜರಿ ಬಹುಕಾಲದಿಂದ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ತೀರ್ಮಾನಿಸುತ್ತ ಬಂದಿದೆ. ಮೊದಲು ಹೀಗಿತ್ತು, ಈಗ ಹೀಗಿದೆ. ಎಡಬಲ ಸಮ ಇದೆಯೇ, ಹೊಲಿಗೆಯ ಗೆರೆ ಮಾಸಿದೆಯೇ, ಕುಪ್ಪಸ ತೊಟ್ಟರೆ ಸರಿ ಕಾಣುತ್ತದೆಯೇ? ಎಲ್ಲವೂ ನೋಡುವವರ ಕಡೆಯ ಪ್ರಶ್ನೆಗಳು. ಮೈಮೇಲೆ ನೀರು ಸುರಿದುಕೊಂಡಾಗ ಅಷ್ಟು ಜಾಗಕ್ಕೆ ನೀರು ಬಿದ್ದದ್ದೇ ತಿಳಿಯದಿರುವುದು, ಅದೇ ಜಾಗಕ್ಕೆ ಸೆರಗಿನ ಜರಿ ತಾಗಿದರೆ ಉರಿ ಏಳುವುದು, ತೆಗೆದುಹಾಕಿದ ಮೊಲೆಯ ತೊಟ್ಟು ನಡುರಾತ್ರಿ ತುರಿಸುವುದು ಫೋಟೊದಲ್ಲಿ ಮೂಡುವುದಿಲ್ಲ. ಹಾಗಾಗಿ ಆಪರೇಷನ್ನಿನ ಲೆಕ್ಕದಲ್ಲೂ ಇವು ಸೇರುವುದಿಲ್ಲ.

ಈ ಕಣ್ಣಿನ ಪಕ್ಷಪಾತ ಮೊದಲ ದಿನದಿಂದಲೇ ಇತ್ತು. ಸಿಲಿಕೋನ್ ಜೆಲ್ಲಿನ ಮೊದಲ ಇಂಪ್ಲಾಂಟನ್ನು 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ಸರ್ಜನ್ನರು ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ ಹಾಕಿದರು. ಆಕೆ ಆಸ್ಪತ್ರೆಗೆ ಹೋದದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಆಕೆಗೆ ಸರಿಮಾಡಿಸಿಕೊಳ್ಳಬೇಕು ಅನಿಸಿದ್ದು ತನ್ನ ಚಾಚಿಕೊಂಡ ಕಿವಿಗಳನ್ನು. ಡಾಕ್ಟರರು ಎದೆಗೆ ಒಪ್ಪಿಸಿದರು, ಜೊತೆಗೆ ಕಿವಿಯನ್ನೂ ಸರಿಮಾಡಿಕೊಟ್ಟರು. ಯಾರ ಎದೆ, ಯಾರ ಆಸೆ ಎಂದು ಕೇಳುವವರಿಗೆ ಈ ಒಂದು ಪ್ರಸಂಗ ಸಾಕು.

ಬೆಳಗಾವಿ ಸೀಮೆಯ ನಮ್ಮ ರಾಮದುರ್ಗದ ಮಟ್ಟಿಗೆ ನೋಡಿದರೆ ಇಂಪ್ಲಾಂಟ್ ದೂರದ ಮಾತು. ಇಲ್ಲಿಯ ಹೆಣ್ಣುಮಕ್ಕಳಿಗೆ ಎದೆಯ ಆಪರೇಷನ್ ಅಂದರೆ ಬಹುಪಾಲು ಕ್ಯಾನ್ಸರಿನದು. ಗಂಟು ಕೈಗೆ ಸಿಕ್ಕು, ಅದನ್ನು ಮನೆಯಲ್ಲಿ ಹೇಳಲು ಧೈರ್ಯ ಬಂದು, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಳಗಾವಿಯ ಕೆಎಲ್ಇಗೋ ಬಸ್ಸು ಹತ್ತುವ ಹೊತ್ತಿಗೆ ಎಷ್ಟೋ ಸಲ ಪೂರ್ತಿ ಮೊಲೆ ತೆಗೆಯುವುದೇ ದಾರಿಯಾಗಿರುತ್ತದೆ. ಮುಂದೆ ಮರುರಚನೆ ಮಾಡಿಸಿಕೊಳ್ಳುವವರು ಕೆಲವೇ ಮಂದಿ. ಉಳಿದವರು ಕುಪ್ಪಸದೊಳಗೆ ಅರಳೆ ತುಂಬಿಕೊಂಡು ದಿನ ತೆಗೆಯುತ್ತಾರೆ. ಆದರೆ ಇಂಪ್ಲಾಂಟ್ ಹಾಕಿಸಿಕೊಂಡ ಪಟ್ಟಣದವಳಿಗೂ ಬಟಾಬಯಲು ಎದೆಯ ಹಳ್ಳಿಯವಳಿಗೂ ಕತ್ತರಿಸಿ ಹೋಗಿರುವುದು ಅದೇ ನರಗಳು. ಇಬ್ಬರೂ ಕೇಳಿಸಿಕೊಳ್ಳುವ ಉತ್ತರವೂ ಒಂದೇ: "ನಾರ್ಮಲ್ ಐತ್ರಿ, ತಾನಾಗೇ ಹೋಗ್ತೈತಿ."

ಈ ಉತ್ತರವನ್ನು ಸುಳ್ಳು ಅನ್ನಲಾಗದು. ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಮೊಲೆಗೆ ಸ್ಪರ್ಶ ಬರುವುದು ಪಕ್ಕೆಲುಬುಗಳ ಸಂದಿಯಲ್ಲಿ ಹರಿದುಬರುವ ನರಗಳಿಂದ. ಎರಡನೆಯದರಿಂದ ಆರನೆಯದರವರೆಗಿನವು ಪಕ್ಕದಿಂದಲೂ ನಡುವಿನಿಂದಲೂ ಕವಲೊಡೆದು ಚರ್ಮಕ್ಕೆ ಬರುತ್ತವೆ. ಮೊಲೆತೊಟ್ಟಿಗೆ ಮುಖ್ಯವಾಗಿ ನಾಲ್ಕನೆಯದು. ಕಂಕುಳ ಮತ್ತು ತೋಳಿನ ಒಳಮೈಗೆ ಎರಡನೆಯದರ ಒಂದು ಕವಲು ಹೋಗುತ್ತದೆ. ಕಂಕುಳ ಗಂಟುಗಳನ್ನು, ಅಂದರೆ ದುಗ್ಧಗ್ರಂಥಿಗಳನ್ನು, ತೆಗೆಯುವಾಗ ಬಹಳ ಸಲ ಬಲಿಯಾಗುವುದು ಇದೇ. ಚೆಂದಕ್ಕಾಗಿ ಇಂಪ್ಲಾಂಟ್ ಹಾಕಿದಾಗ ಈ ನರಗಳು ಎಳೆತಕ್ಕೆ ಸಿಗುತ್ತವೆ, ಕೆಲವು ತುಂಡಾಗುತ್ತವೆ. ಕ್ಯಾನ್ಸರಿಗೆ ಪೂರ್ತಿ ತೆಗೆದಾಗ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತವೆ. ಆಮೇಲೆ ಸಿಲಿಕೋನ್ ಚೀಲ ಇಟ್ಟರೆ ಹೊರಗೆ ತನ್ನದೇ ಚರ್ಮ, ಒಳಗೆ ಏನೂ ತಿಳಿಯದ ವಸ್ತು. ಚಳಿಗಾಲದಲ್ಲಿ ಹೊರಗಿಂದ ಬಂದು ಮೈಯೆಲ್ಲ ಬೆಚ್ಚಗಾದ ಮೇಲೂ ಅದೊಂದು ತಣ್ಣಗೇ ಇರುವುದಕ್ಕೆ ಕಾರಣ ಅದಕ್ಕೆ ರಕ್ತದ ಓಡಾಟವಿಲ್ಲದಿರುವುದು.

ಕತ್ತರಿಸಿದ ನರ ಸುಮ್ಮನಿರುವುದಿಲ್ಲ. ಅದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯಲು ನೋಡುತ್ತದೆ, ಬೆಳೆಯುತ್ತ ತನ್ನಷ್ಟಕ್ಕೆ ಸಂದೇಶ ಕಳಿಸುತ್ತದೆ. "ಕರೆಂಟ್ ಹೊಡದಂಗ ಚುಳ್ ಅಂತೈತ್ರಿ," "ಒಳಗ ಇರುವಿ ಹರದಾಡಿದಂಗ ಆಗ್ತೈತ್ರಿ" ಎಂದು ನಮ್ಮ ಕಡೆಯ ಹೆಣ್ಣುಮಕ್ಕಳು ಹೇಳುವುದು ಇದನ್ನೇ. ದಾರಿ ಸಿಗದ ತುದಿ ಕೆಲವೊಮ್ಮೆ ಗಂಟುಕಟ್ಟಿಕೊಳ್ಳುತ್ತದೆ, ಒತ್ತಿದರೆ ಚುಚ್ಚುತ್ತದೆ. ಮುಟ್ಟಿದರೆ ತಿಳಿಯದ ಜಾಗವೇ ನೋಯುವುದು ಹೇಗೆ ಎಂದು ಮನೆಮಂದಿ ಅನುಮಾನದಿಂದ ನೋಡುತ್ತಾರಲ್ಲ, ಅದಕ್ಕೆ ಉತ್ತರ ಇಲ್ಲಿದೆ: ಚರ್ಮದಿಂದ ಸುದ್ದಿ ಬರುವುದು ನಿಂತಿದೆ, ಕಡಿದ ತುದಿಯಿಂದ ಬರುವುದು ನಿಂತಿಲ್ಲ. ಇಲ್ಲದ ಮೊಲೆ ತುರಿಸುವುದೂ ಹುಚ್ಚಲ್ಲ. ಮಿದುಳಿನಲ್ಲಿ ಆ ಅಂಗದ ನಕ್ಷೆ ಹಾಗೇ ಉಳಿದಿರುತ್ತದೆ. ಕಾಲು ಕಳೆದುಕೊಂಡವನಿಗೆ ಇಲ್ಲದ ಕಾಲು ನೋಯುತ್ತದೆ ಎಂಬುದನ್ನು ಊರೆಲ್ಲ ನಂಬುತ್ತದೆ, ಇಲ್ಲದ ಮೊಲೆಯ ವಿಷಯದಲ್ಲಿ ಅವಳ ತಲೆಯನ್ನೇ ಶಂಕಿಸುತ್ತದೆ.

ಇದೆಲ್ಲ ಎಲ್ಲೋ ಒಬ್ಬಿಬ್ಬರಿಗೆ ಆಗುವುದು ಎಂದು ತಳ್ಳಿಹಾಕಲು ಬರುವುದಿಲ್ಲ. ಡೆನ್ಮಾರ್ಕ್‌ನಲ್ಲಿ ಸ್ತನ ಕ್ಯಾನ್ಸರಿನ ಆಪರೇಷನ್ ಆದ 3,253 ಹೆಂಗಸರನ್ನು ಎರಡು ಮೂರು ವರ್ಷಗಳ ನಂತರ ಕೇಳಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 47 ಮಂದಿಗೆ ಇನ್ನೂ ನೋವಿತ್ತು, ಶೇಕಡಾ 58 ಮಂದಿಗೆ ಸ್ಪರ್ಶದಲ್ಲಿ ಏರುಪೇರಿತ್ತು. ಚಿಕ್ಕ ವಯಸ್ಸಿನವರಲ್ಲಿ, ಕಂಕುಳ ಗಂಟುಗಳನ್ನು ತೆಗೆಸಿಕೊಂಡವರಲ್ಲಿ ತೊಂದರೆ ಹೆಚ್ಚು. ಅರ್ಧಕ್ಕೂ ಮಿಕ್ಕಿದವರಿಗೆ ಆಗುವಂಥದ್ದನ್ನು ಆಪರೇಷನ್ನಿನ ಹಿಂದಿನ ಸಂಜೆ ಒಂದು ಮಾತಾಗಿಯೂ ಹೇಳದಿರುವುದಕ್ಕೆ ಏನನ್ನೋಣ?

ಹೇಳುವುದಿಲ್ಲವೇ ಎಂದು ಸರ್ಜನ್ನರು ಸಿಟ್ಟಾಗಬಹುದು. ಸಮ್ಮತಿ ಪತ್ರದಲ್ಲಿ ಬರೆದಿರುತ್ತದೆ, ಸಹಿಯೂ ಇರುತ್ತದೆ. ಆ ಪತ್ರವನ್ನೇ ಸ್ವಲ್ಪ ನೋಡೋಣ. ಇರುವವುಗಳಲ್ಲಿ ಕಟ್ಟುನಿಟ್ಟಿನದೊಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಇಂಪ್ಲಾಂಟುಗಳಿಗೆ ಕಡ್ಡಾಯ ಮಾಡಿದ ಪಟ್ಟಿ. ಡಾಕ್ಟರು ಒಂದೊಂದು ಅಂಶವನ್ನೂ ರೋಗಿಯ ಜೊತೆ ಓದಬೇಕು, ಆಕೆ ತಿಳಿಯಿತು ಎಂದು ಗುರುತು ಹಾಕಬೇಕು. ಇಂಪ್ಲಾಂಟ್ ಜೀವಮಾನವಿಡೀ ಇರುವ ವಸ್ತುವಲ್ಲ, ಮತ್ತೆ ಆಪರೇಷನ್ ಬೇಕಾಗಬಹುದು ಎಂಬುದು ಅದರಲ್ಲಿ ನೇರವಾಗಿದೆ. ದಣಿವು, ಕೀಲುನೋವಿನಂಥ ಮೈತುಂಬ ಹರಡುವ ತೊಂದರೆಗಳನ್ನು ಕೆಲವರು ಹೇಳಿಕೊಂಡಿದ್ದಾರೆ ಎಂಬುದನ್ನೂ ಅಡಗಿಸಿಲ್ಲ. 1992ರಲ್ಲಿ ಸಿಲಿಕೋನ್ ಜೆಲ್ಲಿನ ಇಂಪ್ಲಾಂಟುಗಳನ್ನು ಬಹುಮಟ್ಟಿಗೆ ತಡೆದು 2006ರಲ್ಲಿ ಮತ್ತೆ ಬಿಟ್ಟ ಸಂಸ್ಥೆ ಇದು. ನಡುವೆ ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾಯಿತು. 2019ರಲ್ಲಿ ಅಲರ್ಗನ್ನಿನ ಒರಟು ಮೈಯ ಇಂಪ್ಲಾಂಟುಗಳನ್ನು, ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿನ ಕಾರಣಕ್ಕೆ, ಜಗತ್ತಿನಾದ್ಯಂತ ವಾಪಸ್ ಕರೆಸಿಕೊಳ್ಳಲಾಯಿತು. ಇಷ್ಟೆಲ್ಲ ಪೆಟ್ಟು ತಿಂದು ಆದ ಪಟ್ಟಿಯನ್ನು ನಾನು ಮೆಚ್ಚುತ್ತೇನೆ. ಆದರೂ ಸ್ಪರ್ಶದ ವಿಷಯ ಬಂದಾಗ ಅದೂ ಕೈಚೆಲ್ಲುತ್ತದೆ: ತೊಟ್ಟಿನ, ಚರ್ಮದ ಸಂವೇದನೆ ಬದಲಾಗಬಹುದು ಅಥವಾ ಹೋಗಬಹುದು ಎಂಬಷ್ಟೇ. ಹೇಗೆ ಬದಲಾಗುತ್ತದೆ, ಎಷ್ಟು ತಿಂಗಳು, ಯಾವುದಕ್ಕೆ ಹೆದರಬೇಕು, ಯಾವುದನ್ನು ತಾಳಿಕೊಳ್ಳಬೇಕು ಎಂಬ ವಿವರವಿಲ್ಲ. ಲಿಂಫೋಮಾದಂಥ ಅಪರೂಪದ್ದಕ್ಕೆ ಎದ್ದುಕಾಣುವ ಎಚ್ಚರಿಕೆ, ದಿನಬೆಳಗಾದರೆ ಎದುರಾಗುವುದಕ್ಕೆ ಒಂದು ಸಾಲು.

ನಮ್ಮಲ್ಲಿ ಈ ಕೊರತೆಯ ಫಲ ಅಡುಗೆಮನೆಯಲ್ಲೇ ಕಾಣುತ್ತದೆ. ಇಂಪ್ಲಾಂಟನ್ನು ಎದೆಯ ದೊಡ್ಡ ಸ್ನಾಯುವಿನ ಅಡಿಗೆ ಇಡುವ ವಿಧಾನ ಬಹಳ ಕಾಲ ರೂಢಿಯಲ್ಲಿತ್ತು, ಈಗಲೂ ಇದೆ. ಹೊರಗೆ ಅಂಚು ಕಾಣದು, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಆ ಸ್ನಾಯು ಬಿಗಿದಾಗಲೆಲ್ಲ ಇಂಪ್ಲಾಂಟ್ ಪಕ್ಕಕ್ಕೆ, ಮೇಲಕ್ಕೆ ಜರಗುತ್ತದೆ. ಈಗ ಜೋಳದ ರೊಟ್ಟಿ ಬಡಿಯುವವಳನ್ನು ನೆನೆಯಿರಿ. ಅಂಗೈ ಹಿಟ್ಟಿನ ಮೇಲೆ ಬೀಳುವ ಪ್ರತಿ ಏಟಿಗೂ ಅದೇ ಸ್ನಾಯು ಬಿಗಿದು ಸಡಿಲಾಗಬೇಕು. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಎದೆಯೊಳಗಿನ ಚೀಲ ಎಷ್ಟು ಸಲ ಹೊರಳುತ್ತದೋ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗದ ಮುಂದೆ ಕೂತು ಲಾಳಿ ಓಡಿಸುವವಳಿಗೂ, ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನಿಲ್ಲುವವಳಿಗೂ ಇದೇ ಕಥೆ. ಬೆನ್ನಿನ ಸ್ನಾಯುವನ್ನು ತಿರುಗಿಸಿ ತಂದು ಮೊಲೆ ಕಟ್ಟುವ ವಿಧಾನವಿದೆ. ಅದರಲ್ಲಿ ಕೊಡ ಎತ್ತುವ, ಹೊರೆ ಹೊರುವ ಬಲದಲ್ಲಿ ಒಂದು ಪಾಲು ಹೋಗುತ್ತದೆ. ಸ್ನಾಯುವಿನ ಮೇಲೆಯೇ ಇಂಪ್ಲಾಂಟ್ ಇಡುವ ಪದ್ಧತಿ ಈಚೆಗೆ ಹೆಚ್ಚುತ್ತಿದೆ. ದುಡಿಯುವ ಮೈಗೆ ಅದು ವಾಸಿ ಎಂಬುದು ನನ್ನ ಅಭಿಪ್ರಾಯ, ಎಲ್ಲರಿಗೂ ಅದು ಹೊಂದುವುದಿಲ್ಲ ಎಂಬುದೂ ನಿಜ. ಮುಖ್ಯವೆಂದರೆ "ನೀವು ದಿನಾ ಏನು ಕೆಲಸ ಮಾಡ್ತೀರಿ?" ಎಂದು ಮೊದಲೇ ಕೇಳದೆ ಇವುಗಳಲ್ಲಿ ಯಾವುದನ್ನು ಆರಿಸಿದರೂ ಅದು ಡಾಕ್ಟರರ ಆಯ್ಕೆಯಾಗಿ ಉಳಿಯುತ್ತದೆ.

ಇದಕ್ಕಿಂತ ಅಪಾಯದ್ದು ಶಾಖ ಕೊಡುವ ರೂಢಿ. ಆಪರೇಷನ್ ಆದ ಕಡೆ ಬಿಗಿ, ನೋವು ಅಂದರೆ ನಮ್ಮ ಮನೆಗಳಲ್ಲಿ ಹಂಚಿನ ಮೇಲೆ ಉಪ್ಪು ಬಿಸಿಮಾಡಿ, ಅರಿವೆಯಲ್ಲಿ ಗಂಟು ಕಟ್ಟಿ ಒತ್ತುತ್ತಾರೆ. ಅತ್ತೆಯೋ ಅವ್ವನೋ ತನ್ನ ಅಂಗೈಗೆ ತಾಗಿಸಿ ನೋಡಿಯೇ ಒತ್ತುವುದು. ಆದರೆ ಒರಟುಗಟ್ಟಿದ ಅಂಗೈ ತಾಳುವ ಬಿಸಿ ತೆಳ್ಳಗಿನ ಎದೆಚರ್ಮಕ್ಕೆ ಹೆಚ್ಚು. ಮಾಮೂಲಿ ಮೈಯಾದರೆ "ಅಯ್ಯ, ಸುಡ್ತೈತಿ" ಎಂದು ಅವಳೇ ಕೈ ತಳ್ಳುತ್ತಾಳೆ. ನರ ಹೋದ ಮೈ ಹಾಗೆ ಹೇಳುವುದಿಲ್ಲ. ಗುಳ್ಳೆ ಎದ್ದ ಮೇಲೆ ಕಣ್ಣಿಗೆ ಕಾಣಬೇಕು. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡಿನಿಂದ ಮರುರಚಿಸಿದ ಮೊಲೆ ಸುಟ್ಟ ಪ್ರಕರಣಗಳು ಹೊರದೇಶದ ವೈದ್ಯಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಚರ್ಮದ ಕೆಳಗೇ ಇಂಪ್ಲಾಂಟ್ ಇದ್ದರೆ ಆ ಗಾಯ ಒಳಗಿನವರೆಗೂ ಹೋಗಿ ಇಂಪ್ಲಾಂಟನ್ನೇ ತೆಗೆಯುವ ಪರಿಸ್ಥಿತಿ ಬರಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ "ಆ ಜಾಗಕ್ಕೆ ಶಾಖ ಕೊಡಬೇಡಿ" ಎಂದು ಬರೆಯಲು ಎಷ್ಟು ಶಾಯಿ ಬೇಕು?

ಬರೆಯದಿರುವ ಇನ್ನೊಂದು ಸಂಗತಿಗೆ ನಾಚಿಕೆ ಕಾರಣ. ಮೊಲೆತೊಟ್ಟು ಸುಖದ ಜಾಗ. ಮರುರಚನೆಯಲ್ಲಿ ಹೊಸ ತೊಟ್ಟನ್ನು ಕಟ್ಟಬಹುದು, ಬಣ್ಣದ ಹಚ್ಚೆ ಹಾಕಿ ನಿಜದಂತೆ ಕಾಣಿಸಬಹುದು. ಅದಕ್ಕೆ ಸುಖ ತಿಳಿಯುವುದಿಲ್ಲ. ಗಂಡನಿಗೆ ಎಲ್ಲವೂ ಮರಳಿ ಬಂದಂತೆ ತೋರುತ್ತದೆ, ಅವಳಿಗೆ "ಮಂದಿ ಮೈ ಮುಟ್ಟಿದಂಗ" ಅನಿಸುತ್ತದೆ. ಇಬ್ಬರ ನಡುವೆ ಮಾತೇ ಇಲ್ಲದೆ ಒಂದು ತಪ್ಪು ತಿಳಿವಳಿಕೆ ಬೆಳೆಯಲು ಇಷ್ಟು ಸಾಕು. ಚೆಂದಕ್ಕಾಗಿ ಇಂಪ್ಲಾಂಟ್ ಹಾಕಿಸಿಕೊಳ್ಳುವ ಮದುವೆಯಾಗದ ಹುಡುಗಿಗೆ ಹೇಳಬೇಕಾದದ್ದೂ ಇಲ್ಲೇ ಇದೆ. ಕೂಸು ಬಾಯಿ ಹಾಕಿದಾಗ ನಾಲ್ಕನೆಯ ನರದ ಮೂಲಕ ಮಿದುಳಿಗೆ ಸುದ್ದಿ ಹೋಗಿ ಹಾಲು ಇಳಿಯುತ್ತದೆ. ತೊಟ್ಟಿನ ಸುತ್ತಲಿನ ಕಪ್ಪಿನ ಅಂಚಿನಲ್ಲಿ ಕೊಯ್ದರೆ ಆ ನರಕ್ಕೂ ಹಾಲಿನ ನಾಳಗಳಿಗೂ ಪೆಟ್ಟಾಗುವ ಸಂಭವ ಹೆಚ್ಚು. ಮೊಲೆಯ ಕೆಳಮಡಿಕೆಯಲ್ಲಿ ಕೊಯ್ದರೆ ಕಡಿಮೆ. ಗಾಯದ ಗೆರೆ ಎಲ್ಲಿ ಅಡಗುತ್ತದೆ ಎಂಬ ಚರ್ಚೆಯ ಜೊತೆಗೆ ಇದೂ ಮಾತಾಗಬೇಕಲ್ಲ.

ಸರ್ಜನ್ನರ ಪರವಾಗಿಯೂ ಒಂದು ಮಾತು ಇದೆ. ಓಪಿಡಿಯ ಬಾಗಿಲಲ್ಲಿ ನೂರು ಮಂದಿ ಕಾದಿರುವಾಗ, ಕ್ಯಾನ್ಸರ್ ಎಂದು ಕೇಳಿ ಬೆವೆತು ಕೂತವಳಿಗೆ ಸ್ಪರ್ಶದ ಸೂಕ್ಷ್ಮ ಹೇಳುವುದು ಕಷ್ಟ. ಜೀವ ಉಳಿಯುವುದು ಮೊದಲು. ಕೆಲವರು ಕಂಕುಳ ನರವನ್ನು ಹುಡುಕಿ ಉಳಿಸುವ ಶ್ರಮವನ್ನೂ ತೆಗೆದುಕೊಳ್ಳುತ್ತಾರೆ. ಎಲ್ಲ ಗಂಟುಗಳನ್ನು ತೆಗೆಯುವ ಬದಲು ಮೊದಲ ಕಾವಲಿನ ಒಂದೆರಡನ್ನು ಪರೀಕ್ಷಿಸಿ ನಿಲ್ಲಿಸುವುದರಿಂದಲೂ ತೋಳಿನ ಜೋಮು ಎಷ್ಟೋ ಕಡಿಮೆಯಾಗಿದೆ. ನನಗೆ ಒಪ್ಪಿಗೆಯಾಗದ್ದು ಆಮೇಲಿನ ತಿಂಗಳುಗಳು. ಫಾಲೋಅಪ್ಪಿನಲ್ಲಿ ಬೆರಳು ಗಂಟನ್ನು ಹುಡುಕುತ್ತದೆ, ಹುಡುಕಲೇಬೇಕು. ಅದೇ ಹೊತ್ತಿನಲ್ಲಿ ಅರಳೆಯ ಒಂದು ಎಳೆಯನ್ನು ಎದೆಯ ಮೇಲೆ, ಕಂಕುಳಲ್ಲಿ, ತೋಳಿನ ಒಳಗೆ ಎಳೆದು, ಕಣ್ಣು ಮುಚ್ಚಿಸಿ "ಈಗ ತಿಳೀತೇನ್ರಿ, ಎಲ್ಲಿ ತಿಳೀತು?" ಎಂದು ಕೇಳಿ ತಿಳಿಯದ ಜಾಗದ ಸುತ್ತ ಚೀಟಿಯ ಮೇಲೆ ಗೆರೆ ಹಾಕಲು ಎರಡು ನಿಮಿಷ ಬೇಕು. ಮುಂದಿನ ಸಲ ಆ ಗೆರೆ ಒಳಸರಿದಿದ್ದರೆ ಅವಳಿಗೇ ಕಾಣುತ್ತದೆ. ನಾರ್ಮಲ್ ಅನ್ನುವ ಮಾತಿಗೆ ಆಗ ಆಧಾರ ಬರುತ್ತದೆ. ನಾರ್ಮಲ್ ಅಲ್ಲದ್ದೂ ಬೇರೆಯಾಗುತ್ತದೆ: ಕೆಂಪಗಾಗಿ ಬಿಸಿಯೇರಿ ಜ್ವರ ಬಂದರೆ ಸೋಂಕು. ಇಂಪ್ಲಾಂಟ್ ದಿನದಿನಕ್ಕೆ ಗಟ್ಟಿಯಾಗಿ, ಆಕಾರ ಕೆಟ್ಟು ನೋಯತೊಡಗಿದರೆ ಸುತ್ತಲಿನ ಪೊರೆ ಬಿಗಿಯುತ್ತಿದೆ. ವರ್ಷಗಳ ನಂತರ ಒಂದೇ ಕಡೆ ಒಮ್ಮೆಲೇ ಊದಿದರೆ ತಡ ಮಾಡದೆ ತೋರಿಸಬೇಕು. ಮೊಲೆಯ ಕೆಳಗೆ ಚರ್ಮದಡಿ ದಾರದಂತೆ ಬಿಗಿದು ಕೈಗೆ ಸಿಕ್ಕಿ, ನರವೆಂದು ಹೆದರಿಸುವುದು ಬಹಳ ಸಲ ಹೆಪ್ಪುಗಟ್ಟಿದ ಸಣ್ಣ ರಕ್ತನಾಳ. ಅದು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಇಂಥ ಪ್ರಶ್ನೆಗೆ ಹುಬ್ಬಳ್ಳಿಯವರೆಗೂ ಹೋಗಬೇಕಾಗಿಲ್ಲ. ಮೂವತ್ತು ದಾಟಿದವರ ತಪಾಸಣೆಗೆಂದು ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತರುವ ಸಿಬ್ಯಾಕ್ ಫಾರಂ ಇದೆ. ಮೊಲೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಬರುತ್ತದೆಯೇ, ಆಕಾರ ಬದಲಾಗಿದೆಯೇ ಎಂದು ಅದು ಕೇಳುತ್ತದೆ. ಕುಷ್ಠರೋಗದ ಗುಮಾನಿಗೆಂದು ಅಂಗೈ ಅಂಗಾಲು ಜುಮುಗುಡುತ್ತದೆಯೇ ಎಂದೂ ಕೇಳುತ್ತದೆ. ಎದೆಯ ಆಪರೇಷನ್ ಆಗಿ ಮನೆಗೆ ಬಂದವಳ ಮುಂದೆ ಅದೇ ಫಾರಂ ಹಿಡಿದು ಕೂತಾಗ ಇವೆರಡು ಪ್ರಶ್ನೆಗಳ ನಡುವೆ ಇನ್ನೊಂದು ಬರಬೇಕು: ಆಪರೇಷನ್ ಆದ ಕಡೆ ಮುಟ್ಟಿದ್ದು ತಿಳಿಯುತ್ತದೆಯೇ, ಅಲ್ಲಿಗೆ ಮನೆಯಲ್ಲಿ ಯಾರಾದರೂ ಶಾಖ ಕೊಡುತ್ತಿದ್ದಾರೆಯೇ?