ಹೆಂಡಿ, ಗಡಿಗೆ ಮತ್ತು 'ಮನುಷ್ಯ'

ಇನ್‌ಸ್ಟಾಲೇಷನ್ ಕಲೆಯನ್ನು ಕನ್ನಡದಲ್ಲಿ 'ಪ್ರತಿಷ್ಠಾಪನಾ ಕಲೆ' ಎನ್ನುತ್ತೇವೆ. ಈ ಮಾತಿನಲ್ಲೇ ಗುಡಿಯ ವಾಸನೆ ಇದೆ. ಗುಡಿಯಲ್ಲಿ ಕಲ್ಲು ಒಡೆದವರು, ಕಡೆದವರು, ಹೊತ್ತು ತಂದವರೆಲ್ಲ ಪ್ರತಿಷ್ಠಾಪನೆಯ ಮರುಗಳಿಗೆಗೇ ಮುಟ್ಟಬಾರದವರಾಗುತ್ತಾರೆ. ಹಾಗಾಗಿ ಈ ಕಲೆ 'ಮನುಷ್ಯನ ಅಸ್ಮಿತೆ', 'ಜಗತ್ತಿನೊಂದಿಗಿನ ನಂಟು' ಎಂದು ಮಾತಾಡುವಾಗ ದಲಿತ ವಿಮರ್ಶೆ ಕೇಳಬೇಕಾದದ್ದು ಇಷ್ಟೇ: ಯಾವ ಮನುಷ್ಯ? ಆ ವಸ್ತುವನ್ನು ಮೊದಲು ಮುಟ್ಟಿದ ಕೈ ಯಾರದು?

ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ 1990ರ ದಶಕದ ಆರಂಭದಲ್ಲಿ ಸಗಣಿಯನ್ನು ತಮ್ಮ ಕಲೆಯ ಮಾಧ್ಯಮ ಮಾಡಿಕೊಂಡರು. ಒಲೆಗೆ ಉರುವಲು, ನೆಲಕ್ಕೆ ಸಾರಣೆ, ಪೂಜೆಗೆ ಪವಿತ್ರ ಎನಿಸಿದ ವಸ್ತು ಹೆಣ್ಣಿನ ದುಡಿಮೆಯ ನೆನಪನ್ನು ಹೊತ್ತು ಗ್ಯಾಲರಿಯೊಳಕ್ಕೆ ಬಂತು. 2009ರ ವೆನಿಸ್ ಬಿನಾಲೆಯಲ್ಲಿ ತೋರಿದ 'ಬಿಹೋಲ್ಡ್' ಕೃತಿಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗಗಳು ಕಾರಿನ ಬಂಪರುಗಳನ್ನು ಎತ್ತಿ ಹಿಡಿದಿದ್ದವು. ದೃಷ್ಟಿ ತಾಗದಿರಲೆಂದು ವಾಹನಕ್ಕೆ ಕಟ್ಟುವ ಹಗ್ಗ ಅದು. ಹೆಸರಿಲ್ಲದ ಎಷ್ಟೋ ತಲೆಗಳು ಉಕ್ಕಿನ ಭಾರ ಹೊತ್ತಿರುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಈ ಸಾಧನೆಯನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಯಾದಗಿರಿ, ಶಹಾಪುರ, ಸುರಪುರದ ಊರುಗಳಿಂದ ನೋಡಿದರೆ ಸಗಣಿಯನ್ನು ಹೆಣ್ಣಿನ ವಸ್ತು ಎಂದಷ್ಟೇ ಹೇಳಿ ಮುಗಿಸಲಾಗದು. ಯಾವ ಹೆಣ್ಣು? ನಮ್ಮ ಕಡೆ ಅದು ಹೆಂಡಿ. ಸಾವ್ಕಾರರ ಕೊಟ್ಟಿಗೆಯ ಹೆಂಡಿಕಸ ಬಳಿಯುವ ಕೇರಿಯ ಹೆಣ್ಣುಮಗಳು ಅಡಿಗಿಮನಿ ಹೊಸ್ತಿಲು ದಾಟೂಹಂಗಿಲ್ಲ. ಆಕೆ ತಟ್ಟಿದ ಕುಳ್ಳು ಮಾತ್ರ ದಾಟುತ್ತದೆ, ಒಲೆಯೊಳಗೂ ಹೋಗುತ್ತದೆ.

ಇದೇ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದಲ್ಲಿ ಉತ್ಖನನ ನಡೆಸಿದರು. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ನವಶಿಲಾಯುಗದ ದನಗಾಹಿಗಳು ಹೆಂಡಿ ಒಟ್ಟಿ ಸುಟ್ಟ ಬೂದಿದಿಬ್ಬ, ಅವರ ವಸತಿ, ದನ ಕೊಯ್ದ ನೆಲ ಎಲ್ಲವೂ ಒಂದೇ ನೆಲೆಯಲ್ಲಿ ಸಿಕ್ಕವು. ಅಂದು ಮೇಲುಕೀಳು ಇರಲಿಲ್ಲ ಎಂದು ಬೂದಿ ನೋಡಿ ಹೇಳಲು ಬಾರದು. ಆದರೆ ದನ, ಹೆಂಡಿ, ಬಾಡು ಮೂರೂ ಒಂದೇ ಬದುಕಿನ ಭಾಗವಾಗಿದ್ದವು ಎಂಬುದಕ್ಕೆ ಆ ನೆಲ ಸಾಕ್ಷಿ. ಹೆಂಡಿಯನ್ನು ಪವಿತ್ರವೆಂದು ಒಳಗಿಟ್ಟು ಬಾಡು ತಿಂದವರನ್ನು ಊರ ಹೊರಗಿಟ್ಟ ವಿಂಗಡಣೆ ಆಮೇಲೆ ಮನುಷ್ಯರೇ ಮಾಡಿದ್ದು. ಮಾಡಿದ್ದನ್ನು ಮುರಿಯಲೂಬಹುದು.

ಮಹಾರಾಷ್ಟ್ರದ ಪ್ರಭಾಕರ ಕಾಂಬಳೆ 2022ರ ಬರ್ಲಿನ್ ಬಿನಾಲೆಯಲ್ಲಿ ತೋರಿದ 'ಉತರಂಡ' ಈ ಮುರಿಯುವ ಕೆಲಸಕ್ಕೆ ಕೈಹಾಕುತ್ತದೆ. ಉತರಂಡ ಎಂದರೆ ಒಂದರ ಮೇಲೊಂದು ಪೇರಿಸಿದ ಮಡಕೆಗಳು; ನಮ್ಮ ಅಡಕಲ ಗಡಿಗೆ. ಮನೆಯ ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಗಡಿಗೆಸಾಲು ಇಲ್ಲಿ ಜಾತಿಯ ಶ್ರೇಣಿಯಾಗಿ ಕಾಣುತ್ತದೆ. ಜಾತಿ ದುಡಿಯುವವರನ್ನೇ ಮೇಲುಕೀಳಾಗಿ ಒಡೆಯುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ತಳದ ಗಡಿಗೆ ಅಲುಗಿದರೆ ಮೇಲಿನವುಗಳ ಗತಿಯೇನು ಎಂದು ನೋಡುಗನೇ ಲೆಕ್ಕ ಹಾಕಬೇಕಾಗುತ್ತದೆ. ಅಷ್ಟೇ ಅಲ್ಲ, ತಾನು ಯಾವ ಗಡಿಗೆ ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಹಲಗೆ, ಕುಳ್ಳು, ಕೆರ, ಕಸಬರಿಗೆ ನಾಳೆ ನಮ್ಮ ಕೇರಿಗಳಿಂದಲೂ ಗ್ಯಾಲರಿಗೆ ಹೋಗಬಹುದು. ಹೋಗಲಿ. ಕೇರಿಯ ಹುಡುಗ ಹುಡುಗಿಯರೇ ಒಯ್ಯಲಿ. ಗೋಡೆಯ ಚೀಟಿಯಲ್ಲಿ 'ವಸ್ತು: ಸಗಣಿ' ಎಂದು ಬರೆಯುವಾಗ ಅದನ್ನು ತಟ್ಟಿದಾಕೆಯ ಹೆಸರೂ ಇರಲಿ, ಆಕೆಗೆ ಕೊಟ್ಟ ಕೂಲಿಯೂ ಇರಲಿ.