ಹಾಡಿನ ಮೇಲೆ ರೋಡ್ ರೋಲರ್

1993ರ ಜೂನಿನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಕ್ಯಾಲ್ವಿನ್ ಬಟ್ಸ್ ರ‍್ಯಾಪ್ ಕ್ಯಾಸೆಟ್ಟುಗಳ ಮೇಲೆ ರೋಡ್ ರೋಲರ್ ಹರಿಸಲು ಹೊರಟರು. ರ‍್ಯಾಪ್ ಪರವಾದವರು ಅಡ್ಡ ನಿಂತರು. ಕೊನೆಗೆ ಆ ರಾಶಿಯನ್ನು ಸೋನಿ ಕಂಪನಿಯ ಕಟ್ಟಡದ ಮುಂದೆ ಸುರಿದು ಬಂದರು.

ಈ ಚಿತ್ರ ನನ್ನನ್ನು ಕಾಡುತ್ತದೆ. ಯಾಕಂದ್ರೆ ಎರಡೂ ಕಡೆ ಇದ್ದವರು ನೊಂದ ಜನವೇ. ಗುಲಾಮರ ಅಳಲಿಗೆ ಸೂರಾಗಿದ್ದು ಚರ್ಚು. ಅಲ್ಲಿ ಪಾದ್ರಿ ಕೂಗಿದರೆ ಜನ ಓಗೊಡುತ್ತಾರೆ. 1973ರಲ್ಲಿ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಹಿಪ್ ಹಾಪ್‌ನಲ್ಲೂ ಮೈಕು ಹಿಡಿದವನ ಕೂಗಿಗೆ ಬೀದಿ ಓಗೊಟ್ಟಿತು. ಅಂದರೆ ಪಾದ್ರಿ ಅರೆಯಲು ಹೊರಟಿದ್ದು ತಮ್ಮದೇ ಮನೆಯ ದನಿಯನ್ನು.

ಹೆಂಗಸರನ್ನು ಹೀನಾಯವಾಗಿ ಬೈಯುವ ಹಾಡುಗಳ ಮೇಲಿನ ಅವರ ಸಿಟ್ಟು ಸುಳ್ಳಲ್ಲ. ನಾಗರಿಕ ಹಕ್ಕುಗಳ ಹೋರಾಟದಿಂದ ಬಂದ ಸಿ. ಡೆಲೋರೆಸ್ ಟಕ್ಕರ್ ಕೂಡ ಇದನ್ನೇ ಕೇಳಿದರು. 'ಹಸಿದವನ ಮಾತು ಹಂಗೇ ಇರ್ತದೆ ಬಿಡ್ರಿ' ಅಂತ ನಾವು ಜಾರಿಕೊಳ್ಳುವಂತಿಲ್ಲ. ಅದೇ ಕೇರಿಯ ಹೆಣ್ಣಿಗೂ ಹಸಿವಿದೆ, ಮಾನವಿದೆ. ಆದರೆ ಹೆಣ್ಣಿನ ಮಾನದ ಬಗ್ಗೆ ಮಾತಾಡಿದ ಎಷ್ಟೋ ಕಪ್ಪು ಚರ್ಚುಗಳು ಹೆಣ್ಣಿಗೆ ಪಾದ್ರಿಯ ಪೀಠ ಕೊಟ್ಟಿರಲಿಲ್ಲ. ರೋಲರ್ ಬರೀ ಬೈಗುಳವನ್ನು ಆರಿಸಿ ಅರೆಯುವುದೂ ಇಲ್ಲ. ಪೊಲೀಸರ ಏಟು, ಕೆಲಸವಿಲ್ಲದ ದಿನಗಳ ಸಾಕ್ಷಿ, ಎಲ್ಲವೂ ಅದರಡಿಗೇ ಹೋಗುತ್ತವೆ.

ನಮ್ಮ ಹಾಡುಗಳನ್ನೂ 'ಇದೂ ಒಂದು ಭಾಷೆಯಾ?' ಅಂತ ಕೇಳಿದವರಿದ್ದರು. ಇವತ್ತು ದಲಿತ ವಿಮರ್ಶೆ ಬರೆಯುವ ನಾನು, ಹೊಸ ಹುಡುಗರ ಮುಂದೆ ರೋಲರ್ ಹತ್ತಿ ಕೂರಬಾರದು. ಅವರ ಕೂಗಿಗೆ ಓಗೊಡಬೇಕು. ಕೇರಿಯ ಹೆಣ್ಣನ್ನು ಬೈದ ಕಡೆ, ಅಲ್ಲೇ ನಿಲ್ಲಿಸಿ ಜಗಳವನ್ನೂ ಆಡಬೇಕು.